ಮೌಸರಿನ ಮೂರು ಚುಕ್ಕೆ

ಜೂನ್ 8, 2024, ಶನಿವಾರ

ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ನಿರುಪಮಾಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಹದಿನಾರು ವರ್ಷದ ಮಗಳಿರುವ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಬೀಗ ಇಲ್ಲ. ಅವಳ ಅಪ್ಪನಿಗೆ ಓದಲು ಬರುತ್ತದೆ. ಆದರೆ ಅವರು ಕರೆಂಟ್ ಬಿಲ್ಲನ್ನೂ ಓದುವವರಲ್ಲ.

ಇವತ್ತು ರೈಫಲ್ ಕೊಟ್ಟು ಬಂದೆ. ನಮ್ಮ ಮನೆಯಿರುವ ಟೊರೆನ್ಸ್‌ನಿಂದ ಸ್ಯಾನ್ ಡಿಯಾಗೋಗೆ ಎರಡೂವರೆ ತಾಸು, ಡೆಲ್ ಮಾರ್ ಹತ್ತಿರ ಟ್ರಾಫಿಕ್ಕು. ಡಿಕ್ಕಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ, ಅದರೊಳಗೆ 1915ರ ಮೌಸರ್. ಸ್ವೀಡನ್ನಿನ ಯಾವನೋ ಸಿಪಾಯಿ ಹೊತ್ತು ತಿರುಗಿದ್ದು, ಸೈನ್ಯ ಬೇಡವೆಂದು ಮಾರಿದ್ದು, ನಾನು ಎರಡು ವರ್ಷದ ಹಿಂದೆ ಕೊಂಡದ್ದು. ಧಾರವಾಡದಲ್ಲಿ ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ ಗುರಿಹಲಗೆಯ ನಡುವೆ ತೂತು ಬಿದ್ದಾಗ ಆದ ಖುಷಿ ಇನ್ನೂ ಹೋಗಿಲ್ಲ. ನಲವತ್ತಾರರಲ್ಲೂ ಹೋಗಿಲ್ಲ ಅಂದರೆ ಇನ್ನು ಹೋಗುವುದಿಲ್ಲ.

ಈ ಹಳೆಯ ರೈಫಲ್ಲನ್ನು ಗುರಿ ಸ್ಪರ್ಧೆಗೆ ತಕ್ಕಂತೆ ಬದಲಿಸಬೇಕು. ಗುಂಡನ್ನು ಒಳಗೆ ತಳ್ಳುವ ಬೋಲ್ಟ್ ಓಡಾಡುವ ಉಕ್ಕಿನ ಭಾಗಕ್ಕೆ ಆ್ಯಕ್ಷನ್ ಅನ್ನುತ್ತಾರೆ, ಅದೊಂದು ಹಳೆಯದು ಉಳಿಯುತ್ತದೆ. ಬ್ಯಾರೆಲ್, ಟ್ರಿಗರ್, ಕೆಳಗಿನ ಮರದ ಸ್ಟಾಕ್, ಎಲ್ಲ ಹೊಸದು. ಮಾಡುವವರು ನಿತ್ಯಾನಂದ. ಉಡುಪಿ ಕಡೆಯವರು, ಎಪ್ಪತ್ತೊಂದು ವರ್ಷ. ಮೂವತ್ತು ವರ್ಷ ಲೇತ್ ಮುಂದೆ ನಿಂತು ರಿಟೈರಾಗಿ, ಲೈಸೆನ್ಸ್ ಪಡೆದು, ಮಿರಮಾರ್ ಕಡೆಯ ಶೆಡ್ಡುಗಳ ಸಾಲಿನಲ್ಲಿ ಬಂದೂಕು ರಿಪೇರಿ ಅಂಗಡಿ ಇಟ್ಟಿದ್ದಾರೆ. ಕನ್ನಡ ಸಂಘದಲ್ಲಿ ಪರಿಚಯ. ಎಲ್ಲರೂ ಒಳ್ಳೆಯವರು ಅನ್ನುತ್ತಾರೆ. ಎಲ್ಲರೂ ಅಂದಾಗ ನನಗೆ ಮೊದಲು ಅನುಮಾನ ಬರುವುದು.

"ರಸೀದಿ ಬೇಕಿತ್ತು ಅಂಕಲ್," ಅಂದೆ.

"ಕೊಡುವ ಮಾರಾಯ್ರೆ. ಬಂದೂಕು ಒಳಗೆ ಬಂದ್ರೆ ನಾನು ಪುಸ್ತಕದಲ್ಲಿ ಬರೆಯಲೇಬೇಕು, ಅದು ಸರ್ಕಾರದ ರೂಲು."

ಕೊಟ್ಟರು. ನಾನು ಫೋಟೋಗಳನ್ನೂ ತೆಗೆದುಕೊಂಡೆ. ಅವರಿಗೆ ಗೊತ್ತಿಲ್ಲದ್ದು ಒಂದಿದೆ. ನಿನ್ನೆ ಸ್ಟಾಕ್ ಬಿಚ್ಚಿ, ಆ್ಯಕ್ಷನ್ನಿನ ಅಡಿಯಲ್ಲಿ ಪಂಚಿನಿಂದ ಮೂರು ಸಣ್ಣ ಚುಕ್ಕೆ ಹೊಡೆದಿದ್ದೇನೆ. ಇಂಥ ಉಕ್ಕು ಈಗ ಸಿಗುವುದಿಲ್ಲ, ಇದನ್ನಿಟ್ಟುಕೊಂಡು ಬೇರೆಯದನ್ನು ಕೊಟ್ಟರೆ? ಯಾರ ಮನಸ್ಸು ಹೇಗೋ. ರೈಫಲ್ಲಿನ ಮೇಲೆ ನಂಬರ್ ಇದೆಯಲ್ಲ ಅನ್ನಬಹುದು. ನಂಬರನ್ನು ಮತ್ತೊಂದರ ಮೇಲೆ ಹೊಡೆಯಲು ಬರುವುದಿಲ್ಲವೇ?

ಮನೆಯಲ್ಲಿ ಇವರಿಗೆ, ನಿರುಪಮಾಳ ಅಪ್ಪನಿಗೆ, ಹೇಳಿದೆ. ಬಸವಪ್ರಸಾದ್ ಅವರ ಅಭಿಪ್ರಾಯ: "ಡೆಂಟಿಸ್ಟ್ ಕಡೆ ಹೋಗೂ ಮುಂದ ಹಲ್ಲಿಗೂ ಗುರುತು ಹಾಕ್ಕೊಂಡು ಹೋಗಾಕಿ ನೀ."

ಇಪ್ಪತ್ತು ವರ್ಷದಿಂದ ಎಲ್ ಸೆಗುಂಡೋದ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಬರೆಯುತ್ತಿದ್ದೇನೆ. ಅನುಮಾನ ಪಡುವುದಕ್ಕೇ ನನಗೆ ಸಂಬಳ.

ಜುಲೈ 13, ಶನಿವಾರ

ಹೇಳದೆ ಹೋದೆ. ಹೇಳಿ ಹೋದರೆ ಇನ್‌ಸ್ಪೆಕ್ಷನ್ ಹೇಗಾಗುತ್ತದೆ?

ಬ್ಯಾರೆಲ್ ಲೇತಿನ ಮೇಲಿತ್ತು. ನನ್ನನ್ನು ನೋಡಿದವರೇ ಮೆಷಿನ್ ನಿಲ್ಲಿಸಿ ಅದರ ಮೇಲೆ ಬಟ್ಟೆ ಹೊದಿಸಿದರು. ಏಕೆ ಹೊದಿಸಬೇಕು? ನೀವು ಮಾಡಿ ಅಂಕಲ್, ನಾನು ನೋಡುತ್ತಾ ನಿಲ್ಲುತ್ತೇನೆ ಅಂದೆ. ಮೈಕ್ರೋಮೀಟರ್ ಎತ್ತಿಕೊಂಡರು. ಕೈ ನಡುಗಿತು. ಸ್ಪಷ್ಟವಾಗಿ ನಡುಗಿತು.

"ಹಿಂದೆ ನಿಂತು ನೋಡಿದ್ರೆ ನನಗೆ ಕೈ ಓಡುವುದಿಲ್ಲ," ಅಂದರು. "ನೀವು ಒಳಗೆ ಕೂತ್ಕೊಳ್ಳಿ. ಮೋಹಿನಿ ಪತ್ರೊಡೆ ತಂದಿದ್ದಾಳೆ."

ಅವರ ಹೆಂಡತಿ ಹಿತ್ತಲಲ್ಲಿ ಕೆಸುವಿನ ಎಲೆ ಬೆಳೆಸುತ್ತಾರಂತೆ. ಪತ್ರೊಡೆ ತುಂಬಾ ಚೆನ್ನಾಗಿತ್ತು, ಮೂರು ತಿಂದೆ. ತಿಂದಾದ ಮೇಲೆ ಹೊಳೆಯಿತು, ಬಾಯಿ ತುಂಬಿದ್ದರೆ ಪ್ರಶ್ನೆ ಕೇಳುವುದಾಗುವುದಿಲ್ಲ. ದಂಪತಿ ಸೇರಿ ನನ್ನನ್ನು ಒಂದು ತಾಸು ಆ ಲೇತಿನಿಂದ ದೂರ ಇಟ್ಟರು.

ಗುರುತು ಹಾಕಿಕೊಳ್ಳಬೇಕಾದ್ದು: ಕೈ ನಡುಗುತ್ತದೆ.

ಆಗಸ್ಟ್ 24

ಫೋನ್ ಮಾಡಿದೆ. "ಆಗ್ತಾ ಉಂಟು" ಅಂದರು. ಏನು ಆಗುತ್ತಿದೆ ಅಂತ ಕೇಳಿದ್ದಕ್ಕೆ "ಒಳ್ಳೇದೇ" ಅಂದರು.

ಸೆಪ್ಟೆಂಬರ್ 28, ಶನಿವಾರ

ರೈಫಲ್ ಸಿದ್ಧವಾಗಿದೆ. ಸುಮ್ಮನೆ ಹೇಳಬಾರದು, ಬಹಳ ಚೆನ್ನಾಗಿದೆ. ವಾಲ್‌ನಟ್ ಮರದ ಸ್ಟಾಕ್, ದಪ್ಪನೆಯ ಕಪ್ಪು ಬ್ಯಾರೆಲ್. ಆ್ಯಕ್ಷನ್ ಮರದ ಮೇಲೆ ಕೂರುವ ಕಡೆ ಎಪಾಕ್ಸಿ ಅಂಟಿನ ಎರಕ ಹಾಕಿ ಅಚ್ಚು ಮಾಡಿದ್ದಾರೆ. ಬ್ಯಾರೆಲ್ ಮಾತ್ರ ಉದ್ದಕ್ಕೂ ಮರವನ್ನು ಎಲ್ಲಿಯೂ ಮುಟ್ಟಬಾರದು. ಗುಂಡು ಹಾರುವಾಗ ಬ್ಯಾರೆಲ್ ತನ್ನಷ್ಟಕ್ಕೆ ತಾನು ಅದುರಬೇಕು, ಎಲ್ಲಾದರೂ ತಾಗಿದರೆ ಗುರಿ ಕೆಟ್ಟಿತು. ಒಂದು ಕಾಗದದ ಪಟ್ಟಿಯನ್ನು ಸಂದಿಯಲ್ಲಿ ತುದಿಯಿಂದ ಬುಡದವರೆಗೆ ಎಳೆದೆ, ಎಲ್ಲಿಯೂ ಸಿಕ್ಕಲಿಲ್ಲ. ಪಾಸ್. ಸ್ಕ್ರೂಗಳ ತಲೆಗೆ ಕೆಂಪು ಬಣ್ಣದ ಗೆರೆ ಎಳೆದು ಸೀಲ್ ಮಾಡಿದ್ದಾರೆ, ಯಾರಾದರೂ ಬಿಚ್ಚಿದರೆ ಗೆರೆ ಒಡೆಯುತ್ತದೆ. ಹಾಗಾಗಿ ನನ್ನ ಚುಕ್ಕೆಗಳನ್ನು ನೋಡಲಾಗಲಿಲ್ಲ.

ಅಲ್ಲಿಂದ ಇಬ್ಬರೂ ಶೂಟಿಂಗ್ ಕ್ಲಬ್ಬಿಗೆ ಹೋದೆವು, ನೂರು ಗಜ ದೂರಕ್ಕೆ ಐದು ಗುಂಡು ಹೊಡೆದೆ. ಐದೂ ತೂತು ಹತ್ತು ಸೆಂಟಿನ ಪುಟ್ಟ ಡೈಮ್ ನಾಣ್ಯದಡಿ ಮುಚ್ಚಿಹೋದವು. ನನ್ನ ಜನ್ಮದಲ್ಲಿ ಹೀಗೆ ಹೊಡೆದಿಲ್ಲ. ನಿತ್ಯಾನಂದ ದುರ್ಬೀನಿನಲ್ಲಿ ನೋಡಿ, "ಕೈ ಒಳ್ಳೇದುಂಟು ನಿಮ್ದು" ಅಂದರು. ಕ್ಲಬ್ಬಿನ ಕಾರ್ಯದರ್ಶಿ ಡೆನಿಸ್ ಬಂದು ರೈಫಲ್ಲನ್ನು ತಿರುವಿ ಮುರುವಿ ನೋಡಿದ. ಕ್ಲಬ್ಬಿನಲ್ಲಿ ಇಂಥ ಆರು ಹಳೆಯ ರೈಫಲ್‌ಗಳಿವೆ, ಎಲ್ಲವನ್ನೂ ಹೀಗೇ ಬದಲಿಸಬೇಕಂತೆ. ಆ ಕೆಲಸ ಸಿಕ್ಕರೆ ಶೆಡ್ಡು ಇನ್ನೆರಡು ವರ್ಷ ತೆರೆದಿರುತ್ತದೆ ಅಂತ ಆಮೇಲೆ ಮೋಹಿನಿ ಆಂಟಿ ಹೇಳಿದರು. ಮನೆಯಲ್ಲಿ ಸುಮ್ಮನೆ ಕೂತರೆ ತಮ್ಮ ಗಂಡ ಉಳಿಯುವುದಿಲ್ಲ ಅಂತಲೂ ಹೇಳಿದರು.

ಒಂದೇ ಒಂದು ಮಾತು. ಇವತ್ತು ಹೊಡೆದ ಗುಂಡುಗಳು ಅವರೇ ತಂದದ್ದು.

ಅಕ್ಟೋಬರ್ 11, ಶುಕ್ರವಾರ

ಖಂಡೆ ಪೂಜೆ, ನಮ್ಮ ಕಡೆಯ ಆಯುಧಪೂಜೆ. ಬೆಳಿಗ್ಗೆ ಗ್ಯಾರೇಜಿನಲ್ಲಿ ಎರಡು ಕಾರು, ನನ್ನ ಕ್ಯಾಲಿಪರ್, ಇವರ ಲ್ಯಾಪ್‌ಟಾಪ್, ಅಡುಗೆಮನೆಯ ಈಳಿಗೆ, ಎಲ್ಲದರ ನಡುವೆ ರೈಫಲ್. ವಿಭೂತಿ, ಕುಂಕುಮ, ಸೇವಂತಿ. ಅಕ್ಷತೆಗೆ ತುಪ್ಪ ತುಸು ಹೆಚ್ಚಾಯಿತು. ಈ ವರ್ಷ ಎರಡು ಮುಷ್ಟಿ ಹಾಕಿದೆ, ಮಾರ್ಚಿನಲ್ಲಿ ಸ್ಪರ್ಧೆ ಇದೆಯಲ್ಲ. ನಿರು ತನ್ನ ಟೆನಿಸ್ ರಾಕೆಟ್ ತಂದಿಟ್ಟಳು. "ಮೈನ್ ಟೂ, ಅಮ್ಮಾ." ಖುಷಿಯಾಯಿತು.

ಆಮೇಲೆ ರೈಫಲ್ಲನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಳಗಿಟ್ಟೆ.

ಅಕ್ಟೋಬರ್ 20, ಭಾನುವಾರ

ನಾನು ಅಂದುಕೊಂಡದ್ದೇ ಆಯಿತು.

ಕ್ಲಬ್ಬಿನಲ್ಲಿ ಮೊದಲ ಎರಡು ಗುಂಡು ಸರಿ. ಮೂರನೆಯದರಿಂದ ಒಂದೊಂದೂ ಮೇಲಕ್ಕೆ, ಬಲಕ್ಕೆ. ಐದನೆಯದು ಅಂಗೈಯಷ್ಟು ದೂರ. ಬ್ಯಾರೆಲ್ ಆರುವವರೆಗೆ ಕಾದು ಮತ್ತೆ ಹೊಡೆದೆ, ಅದೇ ಕತೆ. ಇವತ್ತಿನ ಗುಂಡುಗಳು ಅಂಗಡಿಯವು. ಅಂದರೆ ಅಂದಿನ ಡೈಮ್ ನಾಣ್ಯದ ಜಾದೂ ಎಲ್ಲ ಅವರು ತಂದ ಗುಂಡಿನದು, ನನಗೆ ತೋರಿಸಲೆಂದೇ ತಯಾರಿಸಿದ್ದು. ಬಿಸಿಯಾದ ಕೂಡಲೇ ಕೆಲಸದ ನಿಜಬಣ್ಣ ಹೊರಗೆ ಬಂತು.

ಮೋಸ ಹೋದೆ ಅನ್ನುವುದಕ್ಕಿಂತ, ಅಂದು ಅಷ್ಟು ಖುಷಿಪಟ್ಟೆನಲ್ಲ ಎಂಬ ಸಿಟ್ಟು.

ಅಕ್ಟೋಬರ್ 27

ಬೋಲ್ಟ್ ಅಳೆದೆ. ಬ್ಯಾರೆಲ್ಲಿನ ಬಾಯಿ ಅಳೆದೆ. ಟ್ರಿಗರ್ ತೂಗಿದೆ. ರೈಫಲ್ ಮೇಲೆ ಕೂರಿಸಿದ ದೂರದರ್ಶಕದ ಹಿಡಿಕೆಗಳನ್ನು ನೋಡಿದೆ. ಎಲ್ಲ ಸರಿಯಾಗಿದೆ. ತಪ್ಪು ಕಾಣದಂತೆ ತಪ್ಪು ಮಾಡುವುದಕ್ಕೂ ಕಸುಬು ಬೇಕು.

ನವೆಂಬರ್ 2, ಶನಿವಾರ

ನಿತ್ಯಾನಂದ ಅವರಿಗೆ ಫೋನಿನಲ್ಲಿ ಹೇಳಿಯೇಬಿಟ್ಟೆ.

"ಬಿಸಿಯಾದ ಮೇಲೆ ಹೋಗ್ತದಾ? ಹಾಗಾದ್ರೆ ಎಲ್ಲೋ ತಾಗ್ತಾ ಉಂಟು. ಒಮ್ಮೆ ತನ್ನಿ ಸೌಜನ್ಯಾ, ಬಿಚ್ಚಿ ನೋಡುವ."

"ಬ್ಯಾಡ ಅಂಕಲ್. ನನ್ನ ಕಡೆ ಇರಲಿ."

"ನಾನು ನೋಡದೆ ಹೇಗೆ ಹೇಳುವುದು? ಬೇಡದಿದ್ರೆ ನೀವೇ ಬಿಚ್ಚಿ. ಎರಡು ಸ್ಕ್ರೂ ಅಷ್ಟೆ."

"ನಿಮ್ಮ ಸೀಲ್ ಐತಲ್ಲ ಅದರ ಮ್ಯಾಲೆ. ಒಡದರ ನಾನೇ ಕೆಡಿಸಿದೆ ಅಂತೀರಿ."

ಫೋನ್ ಇಟ್ಟೆ. ಬಿಚ್ಚು ಅಂದವರ ಉಪಾಯ ನನಗೆ ತಿಳಿಯದೇ? ಸಾಕ್ಷಿಯನ್ನು ಮುಟ್ಟಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ರೈಫಲ್ಲನ್ನು ಸೀಲ್ ಸಮೇತ ಸೇಫಿನಲ್ಲಿಟ್ಟೆ.

"ಮುದುಕನ್ನ ಯಾಕ ಅಷ್ಟು ಕಾಡತಿ?" ಅಂದರು ಇವರು. ಇವರು ಯಾವಾಗಿನಿಂದ ಅವರ ಕಡೆ? ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೋ ಏನೋ.

ನವೆಂಬರ್ 16, ಶನಿವಾರ

ಡೆನಿಸ್ ಈಮೇಲ್ ಮಾಡಿದ್ದ. ಕ್ಲಬ್ಬಿನ ಆರು ರೈಫಲ್‌ಗಳ ಕೆಲಸವನ್ನು ನಿತ್ಯಾನಂದ ಅವರಿಗೆ ಕೊಡುವ ಮೊದಲು, ಅವರ ಗಿರಾಕಿಯೂ ಹೌದು, ವೃತ್ತಿಯಿಂದ ಇನ್‌ಸ್ಪೆಕ್ಟರೂ ಹೌದು ಎಂದು ನನ್ನ ಅಭಿಪ್ರಾಯ ಕೇಳಿದ್ದಾನೆ.

ಬರೆದುಕೊಟ್ಟೆ. ಆಫೀಸಿನಲ್ಲಿ ಕೆಟ್ಟ ಬಿಡಿಭಾಗಕ್ಕೆ ಬರೆಯುವ ರಿಪೋರ್ಟಿನ ಮಾದರಿಯಲ್ಲೇ. ದೋಷ: ಬಿಸಿಯಾದಾಗ ಗುರಿ ಸರಿಯುತ್ತದೆ. ಪುರಾವೆ: ಗುರಿಹಲಗೆಯ ಎಂಟು ಫೋಟೋ. ಕಾರಣ: ಕೆಲಸಗಾರನ ಕೈ ನಡುಗುವುದನ್ನು ನಾನು ಸ್ವತಃ ಕಂಡಿದ್ದೇನೆ.

ಕೊನೆಯ ಸಾಲನ್ನು ಎರಡು ಸಲ ಅಳಿಸಿ ಮೂರನೆಯ ಸಲ ಉಳಿಸಿದೆ. ಸುಳ್ಳಲ್ಲವಲ್ಲ.

ಡಿಸೆಂಬರ್ 8, ಭಾನುವಾರ

ಕನ್ನಡ ಸಂಘದ ಊಟ. ನಿತ್ಯಾನಂದ ಬಂದಿರಲಿಲ್ಲ. ಮೋಹಿನಿ ಆಂಟಿ ಒಬ್ಬರೇ ಮೂಲೆಯ ಟೇಬಲ್ಲಿನಲ್ಲಿದ್ದರು. ನಾನು ಬೇರೆ ಕಡೆ ಕೂತೆ. ಅವರೇ ಎದ್ದು ಬಂದರು. ಸಿದ್ಧವಾಗಿದ್ದೆ, ಜಗಳಕ್ಕೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದೆ.

"ಕ್ಲಬ್ಬಿನವರು ಬೇಡ ಅಂದ್ರಂತೆ," ಅಂದರು. "ಹೊಸ ವರ್ಷಕ್ಕೆ ಶೆಡ್ಡು ಮುಚ್ಚುದು ಅಂತ ಇವರು ಹೇಳಿದ್ದಾರೆ. ಈಗ ಚಮಚ ಹಿಡಿದ್ರೂ ಕೈ ನೋಡ್ಕೊಳ್ತಾರೆ ಸೌಜನ್ಯಾ. ನಡುಗ್ತದಾ, ನಡುಗ್ತದಾ ಅಂತ ನನ್ನನ್ನು ಕೇಳುದು. ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು. ನಿಜವಾಗಿ ನಡುಗ್ತಿತ್ತಾ? ನನಗೆ ಮನೆಯಲ್ಲಿ ಯಾವತ್ತೂ ಕಂಡಿಲ್ಲ."

ಅಂದು ನಡುಗಿತ್ತು ಆಂಟಿ ಅಂದೆ. ಅವರು ತಲೆ ಆಡಿಸಿ ಹೋದರು.

ಊಟ ಸೇರಲಿಲ್ಲ. ಅವರು ಹಾಗೆ ಕೇಳಿದ್ದೂ ಒಂದು ತಂತ್ರವಿರಬಹುದು. ಇರಲಾರದು.

ಡಿಸೆಂಬರ್ 9

ಅಂದು ಶೆಡ್ಡಿನಲ್ಲಿ ನಾನು ಅವರ ಹಿಂದೆ ನಿಂತಿದ್ದೆ. ಅವರೇ ಹೇಳಿದ್ದರು, ಹಿಂದೆ ನಿಂತರೆ ಕೈ ಓಡುವುದಿಲ್ಲ ಅಂತ.

ಡಿಸೆಂಬರ್ 21, ಶನಿವಾರ

ಊಟದ ಹೊತ್ತಿಗೆ ಇವರೊಂದಿಗೆ ಮತ್ತೆ ಅದೇ ಮಾತು. ನಿರು ಫೋನಿನಿಂದ ತಲೆ ಎತ್ತಿ, "ಅಮ್ಮಾ, ಡಿಡ್ ಯು ಈವನ್ ಓಪನ್ ಇಟ್?" ಅಂದಳು. ಸೀಲ್ ಇದೆ ಅಂದೆ. "ಸೋ? ಯು ಆಲ್ರೆಡಿ ವನ್."

ಗೆದ್ದಾಗಿದೆ. ಹೌದಲ್ಲ. ಇನ್ನು ಸಾಕ್ಷಿ ಕಟ್ಟಿಕೊಂಡು ಏನು ಮಾಡುವುದು?

ಗ್ಯಾರೇಜಿನ ಟೇಬಲ್ಲಿನ ಮೇಲೆ ಟವೆಲ್ ಹಾಸಿ ಎರಡು ಸ್ಕ್ರೂ ಬಿಚ್ಚಿದೆ. ಕೆಂಪು ಗೆರೆ ಒಡೆಯಿತು. ಸ್ಟಾಕಿನಿಂದ ಎತ್ತಿದೆ.

ಬ್ಯಾರೆಲ್ಲಿನ ಬುಡದ ಹತ್ತಿರ, ಮರದ ಕೊರಕಲಿನಲ್ಲಿ ಒಂದು ಅಕ್ಕಿಕಾಳು. ಹಳದಿ ಬಣ್ಣದ್ದು, ತುಪ್ಪ ಒಣಗಿ ಅಂಟಿಕೊಂಡಿತ್ತು. ಬ್ಯಾರೆಲ್ಲಿಗೆ ತಾಗುವ ಕಡೆ ಒತ್ತಿ ಚಪ್ಪಟೆಯಾಗಿ ಕಪ್ಪಾಗಿತ್ತು. ಪಕ್ಕದಲ್ಲಿ ಕುಂಕುಮದ ಕಲೆ.

ಮೊದಲು ಬಂದ ಯೋಚನೆಯನ್ನು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಇದನ್ನು ಅವರೇ ಇಟ್ಟರೇ ಅನ್ನಿಸಿತು. ಅರ್ಧ ನಿಮಿಷ ನಿಜವಾಗಿಯೂ ಅನ್ನಿಸಿತು.

ಎರಡು ಮುಷ್ಟಿ ಅಕ್ಷತೆ. ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ್ದೂ ನಾನೇ. ಒರೆಸುವಾಗ ಸಂದಿಯೊಳಕ್ಕೆ ತಳ್ಳಿದ್ದೇನೆ, ಬಿಸಿಯಾದ ಬ್ಯಾರೆಲ್ ಅದಕ್ಕೇ ತಾಗಿದೆ. ಸೆಪ್ಟೆಂಬರಿನಲ್ಲಿ ಪಾಸ್ ಅಂತ ಬರೆದ ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಲಿಲ್ಲ. ಅವರು ಮುಟ್ಟಿದ್ದನ್ನೆಲ್ಲ ಅಳೆದೆ, ನಾನು ಮುಟ್ಟಿದ್ದನ್ನು ಅಳೆಯಲಿಲ್ಲ.

ಆ್ಯಕ್ಷನ್ ತಿರುಗಿಸಿ ನೋಡಿದೆ. ಅಡಿಭಾಗವನ್ನೆಲ್ಲ ಹೊಸದಾಗಿ ಪಾಲಿಶ್ ಮಾಡಿ ಕಪ್ಪು ಬಣ್ಣ ಏರಿಸಿದ್ದಾರೆ. ನನ್ನ ಮೂರು ಚುಕ್ಕೆಗಳನ್ನು ಮಾತ್ರ ಉಜ್ಜಿಲ್ಲ. ಉಗುರಿನಷ್ಟು ಜಾಗವನ್ನು ಸುತ್ತುವರಿದು ಹಾಗೆಯೇ ಬಿಟ್ಟಿದ್ದಾರೆ. ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಕೆತ್ತಿದ್ದು: ನಿಮ್ಮದೇ.

ಭೂತಗನ್ನಡಿ ಕಣ್ಣಿಗಿಟ್ಟು ನೋಡಿದೆ. ಒಂದು ಗೆರೆಯೂ ನಡುಗಿಲ್ಲ. ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. ರೈಫಲ್ ಬಿಚ್ಚಿದ ದಿನದಿಂದಲೇ ನನ್ನ ಅನುಮಾನ ಅವರಿಗೆ ಗೊತ್ತಿತ್ತು.

ಡಿಸೆಂಬರ್ 22, ಭಾನುವಾರ

ಕಾಳನ್ನು ಮಾತ್ರೆಯ ಡಬ್ಬಿಯಲ್ಲಿ, ಬಿಚ್ಚಿದ ರೈಫಲ್ಲನ್ನು ಡಿಕ್ಕಿಯಲ್ಲಿಟ್ಟುಕೊಂಡು ಸ್ಯಾನ್ ಡಿಯಾಗೋಗೆ ಹೋದೆ. ಈ ಸಲ ಹೇಳಿ ಹೋದೆ.

ಶೆಡ್ಡು ಅರ್ಧ ಖಾಲಿ. ಲೇತಿನ ಕಾಲುಗಳ ನಾಲ್ಕು ಬೋಲ್ಟುಗಳನ್ನು ಬಿಚ್ಚಿ ಒಂದು ತಟ್ಟೆಯಲ್ಲಿ ಹಾಕಿಟ್ಟಿದ್ದರು. ಯಾರೋ ಬಂದು ಒಯ್ಯುವವರಿದ್ದಾರಂತೆ. ನಾನು ಡಬ್ಬಿ ತೆರೆದು ಟೇಬಲ್ಲಿನ ಮೇಲಿಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗಿ ನೋಡಿದರು.

"ಅಕ್ಷತೆಯಾ?"

"ಹೌದು ಅಂಕಲ್. ನಾನೇ ಹಾಕಿದ್ದು. ಖಂಡೆ ಪೂಜಿಗೆ."

ಉಗುರಿನಿಂದ ಕಾಳನ್ನು ಮೆಲ್ಲಗೆ ಮಗುಚಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಮ್ಮಲ್ಲೂ ಮೋಹಿನಿ ಲೇತಿಗೆ ಹಾಕ್ತಾಳೆ," ಅಂದರು. "ಮರುದಿನ ನಾನು ಮೊದಲು ಮಾಡುದು ಅದೇ, ಬ್ರಷ್ಷಿನಲ್ಲಿ ಒಂದೊಂದೇ ಕಾಳು ತೆಗೆಯುದು. ನಿಮಗೆ ಅದನ್ನು ಹೇಳ್ಬೇಕಿತ್ತು. ನವರಾತ್ರಿ ಹತ್ರ ಬಂತು ಅಂತ ಗೊತ್ತಿತ್ತು ನನಗೆ. ಹೇಳ್ಲಿಲ್ಲ. ಅದು ನನ್ನ ತಪ್ಪೇ."

ನಾನು ಅವರ ಹೆಸರು ಕೆಡಿಸಿದ್ದೇನೆ, ಅವರು ತಮ್ಮ ತಪ್ಪು ಹುಡುಕುತ್ತಿದ್ದಾರೆ. ಕ್ಷಮಿಸ್ರಿ ಅಂದೆ. ಇನ್ನೊಮ್ಮೆ ಅಂದೆ.

"ಚುಕ್ಕೆ ನೋಡಿಯೂ ಯಾಕ ಸುಮ್ಮನಿದ್ರಿ?"

"ಎಂತ ಹೇಳುದು? ನಿಮ್ಮ ವಸ್ತು, ನೀವು ಗುರುತು ಹಾಕಿದ್ರಿ. ನೋಡುವಾಗ ಸಮಾಧಾನ ಆಗ್ಲಿ ಅಂತ ಬರೆದೆ. ನೀವು ಇಷ್ಟು ದಿನ ಬಿಚ್ಚದೆ ಇರ್ತೀರಿ ಅಂತ ಅಂದ್ಕೊಳ್ಳಲಿಲ್ಲ." ಆಮೇಲೆ, ಕೈಗಳನ್ನು ಮುಂದೆ ಚಾಚಿ, "ಈಗ ನೋಡಿ," ಅಂದರು.

ಎರಡೂ ಕೈ ನಡುಗುತ್ತಿದ್ದವು. ನಾನು ನೋಡುತ್ತಿದ್ದೆನಲ್ಲ.

ರೈಫಲ್ಲನ್ನು ಕುಂಕುಮದ ಕಲೆ ತೆಗೆದು ಜೋಡಿಸಿಕೊಡಲು ಅಲ್ಲೇ ಬಿಟ್ಟು ಬಂದೆ. ಡೆನಿಸ್‌ಗೆ ಹೊಸ ರಿಪೋರ್ಟ್ ಬರೆದೆ. ದೋಷ: ಇಲ್ಲ. ಕಾರಣ: ಮಾಲೀಕಳು ಪೂಜೆಯಲ್ಲಿ ಹಾಕಿದ ಅಕ್ಕಿ. ಕೆಲಸಗಾರನ ಕೈಯ ಬಗ್ಗೆ ಬರೆದದ್ದು ತಪ್ಪು, ಆ ದಿನ ಕೈ ನಡುಗಲು ನಾನೇ ಕಾರಣ. ಕ್ಲಬ್ಬಿನ ಎಲ್ಲ ಸದಸ್ಯರಿಗೂ ಇದನ್ನು ಕಳಿಸಬೇಕು. ಸಹಿ ಹಾಕಿದೆ.

ರಸೀದಿ ತೆಗೆದುಕೊಳ್ಳುವುದು ಮರೆತೇಹೋಯಿತು. ಇರಲಿ.

ಜನವರಿ 18, 2025, ಶನಿವಾರ

ವಾರವಿಡೀ ಉತ್ತರದ ಕಾಡ್ಗಿಚ್ಚಿನ ಹೊಗೆ, ಆಫೀಸಿನಲ್ಲೂ ಮಾಸ್ಕು. ಇವತ್ತು ದಕ್ಷಿಣಕ್ಕೆ, ನಿತ್ಯಾನಂದ ಅವರ ಶೆಡ್ಡಿಗೆ ಹೋದ ಮೇಲೆ ಉಸಿರಾಡಿದಂತಾಯಿತು.

ಡೆನಿಸ್‌ನ ಉತ್ತರ ಬಂದಿದೆ. ನಾಲ್ಕು ರೈಫಲ್‌ಗಳನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ, ಉಳಿದ ಎರಡು ನಿತ್ಯಾನಂದ ಅವರಿಗೆ. ನನ್ನಿಂದಾಗಿ ಅವರ ಕೈತಪ್ಪಿದ ಆ ನಾಲ್ಕು ಮತ್ತೆ ಬರುವುದಿಲ್ಲ. ಅವರು ಮಾತ್ರ "ಎರಡು ಸಾಕು, ನಿಧಾನಕ್ಕೆ ಮಾಡುವ" ಅಂದರು. ಲೇತ್ ಒಯ್ಯುವವನಿಗೆ ಬರಬೇಡ ಅಂತ ಹೇಳಿಬಿಟ್ಟಿದ್ದಾರಂತೆ.

ಲೇತನ್ನು ಮತ್ತೆ ನೆಲಕ್ಕೆ ಕೂರಿಸಬೇಕಿತ್ತು. ಅದಕ್ಕೆ ಇಬ್ಬರು ಬೇಕು, ಒಬ್ಬರು ಕೆಳಗೆ ಬೋಲ್ಟ್ ತಿರುಗಿಸಲು, ಒಬ್ಬರು ಮೇಲೆ ಮಟ್ಟ ತೋರಿಸುವ ಲೆವೆಲ್ಲಿನ ಗುಳ್ಳೆ ನೋಡಲು. ಒಂದು ಕೂದಲೆಳೆ ಆಚೀಚೆಯಾದರೂ ಆಮೇಲೆ ಕೊರೆದ ಬ್ಯಾರೆಲ್ಲುಗಳೆಲ್ಲ ಸೊಟ್ಟ. ನಾನು ಗುಳ್ಳೆ ನೋಡಲು ನಿಂತೆ. ಅವರು ನೆಲದ ಮೇಲೆ ರಟ್ಟು ಹಾಸಿ ಮಲಗಿದರು.

"ಸರಿ ಉಂಟಾ?"

"ಇನ್ನೊಂಚೂರು ಅಂಕಲ್. ಎಡಕ್ಕ."

"ಈಗ?"

"ಈಗ ಸರಿ ಐತಿ."

ಬೋಲ್ಟ್ ಬಿಗಿಯುವ ಸದ್ದು ಕೇಳಿಸಿತು. ನಾಲ್ಕೂ ಆದ ಮೇಲೆ ಎದ್ದು, ಕೈ ಒರೆಸಿಕೊಂಡು, ಲೆವೆಲ್ಲನ್ನು ಎತ್ತಿ ಡಬ್ಬಿಯೊಳಗಿಡಲು ಹೋದರು.

"ಬಿಗದ ಮ್ಯಾಲೆ ಒಂದ್ಸಲ ನೀವೂ ನೋಡ್ರಿ," ಅಂದೆ.

"ನೀವು ನೋಡಿದ್ದೀರಲ್ಲ," ಅಂದು ಡಬ್ಬಿ ಮುಚ್ಚಿದರು.